ತೂಕದಣ್ಣನ ಮೂವತ್ತಾರು

ಎದುರಿಗೆ ಬಂದವರ ಮುಖ ನೋಡಿ ಮಾತು ಶುರು ಮಾಡುವುದು ಲೋಕರೂಢಿ. ತೂಕದಣ್ಣ ಮಾತ್ರ ಯಾರು ಬಂದರೂ ಮೊದಲು ನೋಡುವುದು ಅವರು ಬಂದಿಳಿದ ಗಾಡಿಯ ಹಿಂದಿನ ಚಕ್ರ ನೆಲಕ್ಕೆ ತಾಗುವ ಆ ಒಂದು ಗೇಣು ಜಾಗವನ್ನು. ಅಲ್ಲಿ ರಬ್ಬರು ಎಷ್ಟು ಉಬ್ಬಿದೆ, ಎಷ್ಟು ಕುಗ್ಗಿದೆ ಎಂಬುದನ್ನು ತಲೆ ಓರೆ ಮಾಡಿ, ಒಂದು ಕಣ್ಣು ಕಿರಿದು ಮಾಡಿ ಪರೀಕ್ಷಿಸಿ, ಬಳಿಕ ಬಗ್ಗಿ ಅಂಗೈಯ ಹಿಂಬದಿಯನ್ನು ಟೈರಿಗೆ ತಾಗಿಸಿ, ಮಗುವಿಗೆ ಜ್ವರ ಬಂದಿದೆಯೋ ಎಂದು ಹಣೆ ಮುಟ್ಟುವ ತಾಯಿಯಂತೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ತಲೆಯೆತ್ತಿ "ಹೇಳಿ" ಎನ್ನುತ್ತಾರೆ. ಎಂಟು ವರ್ಷ ದೂರದೇಶದಲ್ಲಿದ್ದ ಅವರ ಭಾವಮೈದುನ ಯಾರಿಗೂ ತಿಳಿಸದೆ ಬಂದು ಅಂಗಡಿಯ ಮುಂದೆ ಇಳಿದಾಗಲೂ, "ಎಡಗಡೆ ಹಿಂದಿನದು ಇಳಿದಿದೆ" ಎಂದ ಮೇಲೆಯೇ "ಯಾವಾಗ ಬಂದೆ?" ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ. ಬಂದವನು ಆಕೆಯ ಒಡಹುಟ್ಟಿದ ತಮ್ಮ, ಆದ್ದರಿಂದ ಹೇಳುವಾಗ ಆಕೆಯ ದನಿಯಲ್ಲಿ ಇನ್ನೂ ಸ್ವಲ್ಪ ಕಾವು ಉಳಿದಿತ್ತು.

ಮೂವತ್ತು ವರ್ಷ ಚಕ್ರಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೂತು ಅವರ ನಡಿಗೆಯೇ ಹಾಗಾಗಿಬಿಟ್ಟಿದೆ: ಮಂಡಿಗಳು ಪೂರ್ತಿ ನೇರವಾಗುವುದಿಲ್ಲ, ನಡೆಯುತ್ತಿದ್ದರೂ ಇನ್ನೇನು ಕೂತೇಬಿಡುತ್ತಾರೆ ಎನ್ನಿಸುತ್ತದೆ. ಚಳಿಯಿರಲಿ ಸೆಕೆಯಿರಲಿ, ಮೈಮೇಲೊಂದು ಬೂದು ಬಣ್ಣದ ಉದ್ದ ಕೋಟು. ಅದರ ಎಡಜೇಬಿನಲ್ಲಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ, ಗಾಳಿ ಅಳೆಯುವ ಗೇಜು, ಬಲಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು. ಯಾವ ಟೈರಿಗೆ ಎಷ್ಟು ಗಾಳಿ ಹಾಕಿದರೋ ಅದನ್ನು ಆ ಟೈರಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದು ಕಳಿಸುವುದು ಅವರ ಪದ್ಧತಿ. ಮೊದಲ ಮಳೆಗೆ ಅಳಿಸಿಹೋಗುತ್ತದಲ್ಲ ಎಂದರೆ, "ಅಳಿಸಿದಾಗ ಬರ್ತಾರಲ್ಲ, ಆಗ ನೋಡೋಣ" ಎನ್ನುತ್ತಾರೆ. ಹೀಗಾಗಿ ಕೋಟಿನ ಬಲಭಾಗ ಸದಾ ಬಿಳಿ, ಎಡಭಾಗ ಸದಾ ಕಪ್ಪು. ಒಗೆದು ಸೋತ ಹೆಂಡತಿ ಎಂದೋ ಅದರ ಗೊಡವೆ ಬಿಟ್ಟಿದ್ದಾರೆ.

ಇಷ್ಟು ಸೌಮ್ಯ ಮನುಷ್ಯನ ಮುಂದೆ ಆಡಬಾರದ ಪದ ಒಂದೇ ಒಂದು, ಅದು 'ಸುಮಾರು'. ಅವರು ಭಾರದ ಗಾಡಿಗೆ ಗಾಳಿ ಹಾಕುವ ಮೊದಲು, ಟೈರು ಮಾರುವ ಮೊದಲಂತೂ ಕಡ್ಡಾಯವಾಗಿ, ಒಂದು ವಿಚಾರಣೆ ನಡೆಸುತ್ತಾರೆ. ಗಾಡಿಯಲ್ಲಿ ಯಾರು ಯಾರು ಕೂರುತ್ತಾರೆ, ಎಲ್ಲೆಲ್ಲಿ ಕೂರುತ್ತಾರೆ, ಮೇಲೆ ಏನು ಕಟ್ಟುತ್ತಾರೆ, ಹಿಂದೆ ಏನು ತುಂಬುತ್ತಾರೆ, ನೀರಿನ ಕ್ಯಾನು ಎಷ್ಟು ಲೀಟರಿನದು, ನಾಯಿ ಇದೆಯೇ, ಇದ್ದರೆ ಯಾವ ಗಾತ್ರದ್ದು.

"ಸುಮಾರು ಐದಾರು ಜನ ಓಡಾಡ್ತೀವಪ್ಪ" ಎಂದ ಒಬ್ಬ ಗಿರಾಕಿಗೆ ಅವರು ತಣ್ಣಗೆ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ: "ಐದೋ, ಆರೋ? ಆ ಆರನೆಯವರು ಬರ್ತಾರೋ ಇಲ್ವೋ ಮನೇಲಿ ಕೇಳ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ."

ಗಿರಾಕಿಗಳ ಮೈತೂಕ ಕೇಳುವುದಕ್ಕೂ ಅವರಿಗೆ ಸಂಕೋಚವಿಲ್ಲ. ಅದರಿಂದಲೇ ಊರಿಗೆಲ್ಲ ಅವರು ತೂಕದಣ್ಣ ಆದದ್ದು. ಒಮ್ಮೆ ಆಜಾನುಬಾಹು ಮಹಾಶಯರೊಬ್ಬರು, ಪಕ್ಕದಲ್ಲಿ ಹೆಂಡತಿ ನಿಂತಿದ್ದಳೆಂಬ ಕಾರಣಕ್ಕೋ ಏನೋ, "ತೊಂಬತ್ತು ಕೆಜಿ" ಎಂದು ಗಂಭೀರವಾಗಿ ಹೇಳಿದರು. ತೂಕದಣ್ಣ ತೊಂಬತ್ತು ಎಂದೇ ಬರೆದುಕೊಂಡರು. ಆ ಮಹಾಶಯರು ಹತ್ತಿ ಕೂತಾಗ ಗಾಡಿ ಒಂದು ಕಡೆಗೆ ವಾಲಿದ್ದನ್ನು ಕಣ್ಣು ಕಿರಿದು ಮಾಡಿ ನೋಡಿ, ತುಟಿ ಪಿಟಕ್ಕೆನ್ನದೆ ಆ ಕಡೆಯ ಚಕ್ರಕ್ಕೆ ಎರಡು ಪಾಯಿಂಟು ಹೆಚ್ಚು ಹಾಕಿದರು. ಅವರು ಹೋದ ಮೇಲೆ ನನ್ನತ್ತ ತಿರುಗಿ, "ಬಾಯಿಗೆ ನಾಚಿಕೆ ಇರುತ್ತೆ ಸಾರ್, ಸ್ಪ್ರಿಂಗಿಗೆ ಇರಲ್ಲ" ಎಂದರು. ಅವರ ಹೆಂಡತಿ ಒಳಗಿನಿಂದಲೇ, "ಮದುವೆಗೆ ಮುಂಚೆ ನನ್ನನ್ನೂ ಇವರು ಮೊದಲು ಕೇಳಿದ್ದು ಅದನ್ನೇ" ಎಂದು ಕೂಗಿ ಹೇಳಿದರು. ತೂಕದಣ್ಣ ಅಲ್ಲಗಳೆಯಲಿಲ್ಲ.

ಟೈರಿನ ಪಕ್ಕೆಯ ಮೇಲೆ ಅದರ ಅಳತೆ ಬರೆದ ನಂತರ ಪುಟ್ಟದಾಗಿ ಇನ್ನೊಂದು ಸಂಖ್ಯೆ ಇರುತ್ತದೆ. ನೂರು, ನೂರೆರಡು, ನೂರ ಹನ್ನೆರಡು, ಹೀಗೆ. ಅಂಥ ಟೈರೊಂದು ಎಷ್ಟು ಭಾರ ಹೊರಬಲ್ಲದು ಎಂಬುದರ ಗುಟ್ಟು ಆ ಸಂಖ್ಯೆಯಲ್ಲಿದೆ. ಊರಲ್ಲಿ ಸಾವಿರಾರು ಜನ ದೊಡ್ಡ ದೊಡ್ಡ ಗಾಡಿಗಳಲ್ಲಿ ಮೆರೆಯುತ್ತಾರಲ್ಲ, ಅವರಲ್ಲಿ ಇದನ್ನು ಓದಿದವರು ಬೆರಳೆಣಿಕೆಯಷ್ಟೂ ಇರಲಾರರು ಎಂಬುದು ತೂಕದಣ್ಣನ ಕೊರಗು. ಓದುವ ಕೆಲವರೂ ತಪ್ಪು ಜಾಗ ಓದುತ್ತಾರೆ: ಟೈರಿನ ಮೇಲೆ ಬರೆದ ಗರಿಷ್ಠ ಗಾಳಿಯನ್ನೇ ತಮ್ಮ ಗಾಡಿಗೆ ಹಾಕಬೇಕಾದ ಗಾಳಿ ಎಂದು ತಿಳಿದು, ಎಷ್ಟು ಗಾಳಿ ಬೇಕೆಂದು ಗಾಡಿಯ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯ ಕಡೆ ತಿರುಗಿಯೂ ನೋಡುವುದಿಲ್ಲ. "ಪಾತ್ರೆ ಎಷ್ಟು ಹಿಡಿಯುತ್ತೆ ಅನ್ನೋದು ಬೇರೆ, ನಿಮಗೆ ಎಷ್ಟು ಹಸಿವಿದೆ ಅನ್ನೋದು ಬೇರೆ" ಎಂದು ಅವರಿಗೆಲ್ಲ ಪಾಠ ಹೇಳುವುದರಲ್ಲೇ ತೂಕದಣ್ಣನ ಅರ್ಧ ದಿನ ಕಳೆಯುತ್ತದೆ. ಕಂಟ್ರಾಕ್ಟರನೊಬ್ಬ ತನ್ನ ಆನೆಗಾತ್ರದ ಗಾಡಿಗೆ ಎಲ್ಲಿಂದಲೋ ಮಿರಿಮಿರಿ ಮಿಂಚುವ ಅಗಲ ಟೈರುಗಳನ್ನು ತಂದು ಹಾಕಿಕೊಡು ಎಂದಾಗ, ಅದರ ಸಂಖ್ಯೆ ಓದಿ, "ಇದು ನಿಮ್ಮ ಗಾಡೀನ ನೋಡೋಕೆ ಚೆಂದ ಮಾಡುತ್ತೆ, ಹೊರಲ್ಲ" ಎಂದು ಕೈಮುಗಿದುಬಿಟ್ಟರು. ಅವನು ಕೂಗಾಡಿ ಹೋದ. ಹೆಂಡತಿ ಕೆಂಡವಾದರು: "ಹಿಂಗೇ ಗಿರಾಕೀನ ಕಳಿಸ್ತಾ ಇರಿ, ಆಮೇಲೆ ನಾವು ಈ ಗಾಳೀನೇ ತಿಂದ್ಕೊಂಡು ಇರೋಣ."

ಇಂಥ ಹಟದ ಹಿಂದೆ ಏನೋ ಒಂದು ದುರಂತವಿರಬೇಕು, ಯಾವುದೋ ಅಪಘಾತ, ಯಾರೋ ಕಳೆದುಹೋದವರು ಎಂದು, ಬರೆಯುವ ಚಟವಿರುವವರಿಗೆಲ್ಲ ಇರುವ ಕೆಟ್ಟ ಕುತೂಹಲದಿಂದ ನಾನೂ ಕೆದಕಿ ನೋಡಿದೆ. ತೂಕದಣ್ಣ ತಬ್ಬಿಬ್ಬಾಗಿ ಯೋಚಿಸಿದರು, ಏನೂ ಹೊಳೆಯಲಿಲ್ಲ. ಹೆಂಡತಿ ನಕ್ಕುಬಿಟ್ಟರು: "ಏನೂ ಇಲ್ಲ ಸಾರ್. ಹುಟ್ಟಿದ್ದೇ ಹಿಂಗೆ. ಇವರ ಅಮ್ಮನೂ ಹಂಗೇ ಹೇಳೋರು." ನನಗೆ ಸ್ವಲ್ಪ ನಿರಾಶೆಯಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ದಿನವಿಡೀ ಪರರ ತಪ್ಪುಗಳನ್ನು ಹೆಕ್ಕಿ ಬದುಕುವವನಿಗೆ ತನ್ನ ಕಣ್ಣಿನ ಬಗ್ಗೆ ಒಂದಿಷ್ಟು ಜಂಬ ಇರುವುದು ಸಹಜವೇ. ಆ ಜಂಬ ಇಳಿದದ್ದು ಅಕ್ಕನ ಗಾಡಿಯ ದೆಸೆಯಿಂದ.

ಅಕ್ಕನ ಮಗಳನ್ನು ಮನೆಯಲ್ಲಿ ನಾವು ಗುಬ್ಬಿ ಎನ್ನುತ್ತೇವೆ. ಹದಿನೇಳು ವರ್ಷ, ಇಪ್ಪತ್ತೊಂಬತ್ತು ಕೆಜಿ, ನಾಲಿಗೆ ಮಾತ್ರ ಎರಡು ಮಣದ್ದು. ಹುಟ್ಟಿನಿಂದಲೇ ಅವಳ ಮೂಳೆಗಳಿಗೆ ಬಲವಿಲ್ಲ. ಏನಾದರೂ ತಾಗಿದರೆ ಮುರಿಯುತ್ತವೆ, ಜೋರಾಗಿ ಸೀನಿದರೂ ಒಮ್ಮೆ ಪಕ್ಕೆಲುಬು ಬಿರಿದಿತ್ತು. ಬ್ಯಾಟರಿಯ ಗಾಲಿಕುರ್ಚಿಯೇ ಅವಳ ಕಾಲು. ಪ್ರತಿ ಮಂಗಳವಾರ ಅವಳನ್ನು ತೊಂಬತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅದೇ ದಿನ ವಾಪಸು ಬರಬೇಕು. ಭಾವನಿಗೆ ವಾರದ ನಡುವೆ ರಜೆ ಸಿಗುವ ಕೆಲಸವಲ್ಲ. ಆದ್ದರಿಂದ ಸಾರಥ್ಯ ನನ್ನದು. ಕುರ್ಚಿಯ ಸಮೇತ ಅವಳನ್ನು ಒಳಗೇರಿಸಲು ಅನುಕೂಲವಾಗಲೆಂದು ಅಕ್ಕ ಭಾವ ಯಾರೋ ಬಳಸಿದ ಒಂದು ದೊಡ್ಡ ಗಾಡಿ ಕೊಂಡು, ಅದರ ಹಿಂಭಾಗಕ್ಕೆ ಕುರ್ಚಿ ಎತ್ತುವ ಕಬ್ಬಿಣದ ಲಿಫ್ಟು ಕೂರಿಸಿದರು. ಲಿಫ್ಟು ನೂರ ಅರವತ್ತು ಕೆಜಿ, ಕುರ್ಚಿ ನೂರ ಇಪ್ಪತ್ತು. ಇದೆಲ್ಲ ಹಿಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಮೊದಲ ಸಲ ಗಾಳಿಗೆಂದು ಹೋದಾಗ ತೂಕದಣ್ಣ ಎಡಗಡೆಯ ಹಿಂದಿನ ಚಕ್ರದ ಮುಂದೆ ಕೂತವರು ಎದ್ದೇ ಇಲ್ಲ. ಟೈರಿನ ಮೇಲಿದ್ದ ಸಂಖ್ಯೆಯನ್ನು ಬೆರಳಿನಿಂದ ಉಜ್ಜಿ ಓದಿದರು. ನೂರೆರಡು. "ಇದು ಎಂಟುನೂರ ಐವತ್ತು ಕೆಜಿ ಹೊರುತ್ತೆ. ನಿಮ್ಮ ಗಾಡಿ ಈ ಚಕ್ರದ ಮೇಲೆ ಎಷ್ಟು ಹಾಕ್ತಿದೆ?" ಎಂದರು. ನನಗೇನು ಗೊತ್ತು? ಗೊತ್ತಿಲ್ಲವೆಂದರೆ ಬಿಡುವ ಆಸಾಮಿಯೇ ಅಲ್ಲ. ಮರುದಿನ ಗುಬ್ಬಿಯನ್ನು ಕುರ್ಚಿಯಲ್ಲಿ, ಅಕ್ಕನನ್ನು ಮುಂದಿನ ಸೀಟಿನಲ್ಲಿ, ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿಕೊಂಡು, ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಕರೆದೊಯ್ದು, ಒಂದೊಂದೇ ಕಡೆಯ ಚಕ್ರವನ್ನು ತಟ್ಟೆಯ ಮೇಲೆ ಹತ್ತಿಸಿ ತೂಗಿಸಿದರು. ಹಿಂದೆ ನಿಂತಿದ್ದ ಲಾರಿಗಳ ಹಾರ್ನು ಮುಗಿಲು ಮುಟ್ಟಿತು. ತೂಕದಣ್ಣನಿಗೆ ಅದು ಕೇಳಿಸಿತೋ ಇಲ್ಲವೋ!

"ಎಡಗಡೆ ಹಿಂದಿನದು ಎಂಟುನೂರ ತೊಂಬತ್ತು" ಎಂದರು.

"ನಲವತ್ತು ಕೆಜಿ ತಾನೇ ಜಾಸ್ತಿ?" ಎಂದೆ ನಾನು.

"ನಲವತ್ತು ಕೆಜಿ ತಲೆ ಮೇಲೆ ಹೊತ್ಕೊಂಡು ತೊಂಬತ್ತು ಕಿಲೋಮೀಟರ್ ಓಡಿ ಸಾರ್, ಆಮೇಲೆ ಮಾತಾಡೋಣ."

ಹಿಂದಿನಿಂದ ಗುಬ್ಬಿ, "ನನ್ನದು ಬರೀ ಇಪ್ಪತ್ತೊಂಬತ್ತು ಅಂಕಲ್, ಮಿಕ್ಕಿದ್ದು ಮಾಮಂದು!" ಎಂದು ಕಿರುಚಿದಳು. ತೂಕದಣ್ಣ ಅದನ್ನು ತಮಾಷೆಯೆಂದು ತಿಳಿಯದೆ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ಅಳೆದು ನೋಡಿದರು.

ಹಳೆಯ ಟೈರು ನಾಲ್ಕನ್ನೂ ತೆಗೆಸಿ, ಲಾರಿಯ ಜಾತಿಯ ಬಿಗಿ ಮೈಯ ಹೊಸ ಟೈರು ಹಾಕಿಸಿದರು. ಸಂಖ್ಯೆ ನೂರ ಹನ್ನೆರಡು. ಒಂದೊಂದೂ ಸಾವಿರದ ನೂರ ಇಪ್ಪತ್ತು ಕೆಜಿ ಹೊರುವಂಥದ್ದು. ಹಿಂದಕ್ಕೆ ಗಾಳಿ ನಲವತ್ತಾರು. ಟೈರಿನ ಮೇಲೆ ದಪ್ಪಗೆ ೪೬ ಎಂದು ಬರೆದು, "ಇನ್ನು ನೆಮ್ಮದಿಯಾಗಿ ಹೋಗಿ ಬನ್ನಿ ತಾಯಿ" ಎಂದು ಅಕ್ಕನಿಗೆ ಹೇಳಿದಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು, ದೊಡ್ಡ ಗ್ರಂಥವೊಂದನ್ನು ಒಂದೂ ತಪ್ಪಿಲ್ಲದೆ ಅಚ್ಚಿಗೆ ಕಳಿಸಿದ ದಿನ ನಾನೂ ಅನುಭವಿಸಿದ್ದೇನೆ. ಪ್ರತಿ ಸೋಮವಾರ ಸಂಜೆ ಒಮ್ಮೆ ತೋರಿಸಿ ಹೋಗಬೇಕೆಂದು ಅಪ್ಪಣೆಯಾಯಿತು.

ಎರಡನೆಯ ಸೋಮವಾರ ಗೇಜು ಇಟ್ಟರೆ ಹಿಂದಿನ ಎರಡೂ ಟೈರಿನಲ್ಲಿ ಮೂವತ್ತು. ತೂಕದಣ್ಣನ ಹುಬ್ಬು ಗಂಟಾಯಿತು. ವಾಲ್ವು ಸರಿಯಿಲ್ಲವೆಂದು ಎರಡನ್ನೂ ಬದಲಿಸಿ ಮತ್ತೆ ನಲವತ್ತಾರು ತುಂಬಿದರು. ಮುಂದಿನ ಸೋಮವಾರ ಮತ್ತೆ ಮೂವತ್ತು. ಟೈರಿನ ಸಮೇತ ಚಕ್ರ ಬಿಚ್ಚಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡಿದರೂ ಒಂದು ಗುಳ್ಳೆಯೂ ಏಳಲಿಲ್ಲ. ತಾನೇ ಆರಿಸಿದ ಟೈರು ತನ್ನ ಮಾನ ಕಳೆಯಿತಲ್ಲ ಎಂದು ಅವರಿಗೆ ಊಟ ಸೇರದಂತಾಯಿತು. "ಗಂಡಂಗೆ ಹುಷಾರಿಲ್ವಾ ಅಂತ ಪಕ್ಕದ ಮನೆಯವರು ಕೇಳ್ತಾರೆ, ಟೈರಿಗೆ ಹುಷಾರಿಲ್ಲ ಅಂತ ಹೇಳ್ಲಾ?" ಎಂದು ಹೆಂಡತಿ ರೇಗಿದರು. ನಾನು ಆ ವಾರಗಳಲ್ಲಿ ಗಾಡಿ ಓಡಿಸಿದವನು. ತಿರುವಿನಲ್ಲಿ ಅದು ಹಿಂದಿನಿಂದ ತೂಗಾಡುವುದು ನನ್ನ ಅರಿವಿಗೆ ಬಂದಿತ್ತು; ಒಮ್ಮೆ ನಿಲ್ಲಿಸಿ ಇಳಿದಾಗ ಸುಟ್ಟ ರಬ್ಬರಿನ ವಾಸನೆಯೂ ಬಂದಿತ್ತು. ರಸ್ತೆಯನ್ನು ಬೈದು ಸುಮ್ಮನಾದೆ. ಪರರ ಪುಸ್ತಕದಲ್ಲಿ ಒಂದು ಕೊಂಬು ತಪ್ಪಿದ್ದರೂ ಹಿಡಿಯುವ ಮಹಾನುಭಾವ ನಾನು!

ನಾಲ್ಕನೆಯ ಸೋಮವಾರ ಅಕ್ಕನೂ ಗುಬ್ಬಿಯೂ ಜೊತೆಗಿದ್ದರು. ಗೇಜು ಮತ್ತೆ ಮೂವತ್ತು, ಮೂವತ್ತು ಎಂದಿತು. ತೂಕದಣ್ಣ ಎರಡೂ ಕಡೆ ಇನ್ನೊಮ್ಮೆ ಇಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಸಾರ್, ತೂತಿಗೆ ಲೆಕ್ಕ ಬರಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ. "ಎರಡು ಟೈರು ತಾವಾಗಿ ಸೋರಿದ್ರೆ ಒಂದು ಇಪ್ಪತ್ತಕ್ಕೆ ಬರುತ್ತೆ, ಇನ್ನೊಂದು ನಲವತ್ತರಲ್ಲಿ ನಿಲ್ಲುತ್ತೆ. ಎರಡೂ ಮೂರು ವಾರಾನೂ ಮೂವತ್ತಕ್ಕೇ ನಿಂತರೆ, ಅದು ಅಳತೆ ನೋಡಿ ಬಿಟ್ಟ ಗಾಳಿ." ಹಾಗೆಂದು ಎದ್ದು, ಮಂಡಿ ಮಡಿಸಿದ ತಮ್ಮ ನಡಿಗೆಯಲ್ಲಿ ಅಕ್ಕನ ಬಳಿಗೆ ಹೋದರು. ನಾನು ಒಂದು ಜಗಳವನ್ನು ನಿರೀಕ್ಷಿಸಿದೆ. ಅವರು ಕೇಳಿದ್ದು ಇಷ್ಟೇ:

"ತಾಯಿ, ನಿಮ್ಮ ಹತ್ರ ಇರೋ ಗೇಜು ಒಂದ್ಸಲ ಕೊಡಿ. ಸರಿಯಾಗಿ ತೋರಿಸ್ತಿದೆಯಾ ನೋಡಿಕೊಡ್ತೀನಿ."

ಅಕ್ಕ ಚೀಲದಿಂದ ಅಂಗೈಯಗಲದ ಒಂದು ಗೇಜು ತೆಗೆದು ಅವರ ಕೈಗಿಟ್ಟಳು. ಪ್ರತಿ ಮಂಗಳವಾರ ಬೆಳಿಗ್ಗೆ, ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ, ವಾಲ್ವಿನ ತುದಿ ಒತ್ತಿ ಒತ್ತಿ ಗಾಳಿ ಬಿಡುತ್ತಿದ್ದವಳು ಅವಳು.

"ಏನು ಮಾಡ್ಲಿ ಹೇಳಿ?" ಎಂದು ಅಲ್ಲೇ ಅತ್ತುಬಿಟ್ಟಳು. "ನೀವು ಹಾಕೋ ಗಾಳೀಲಿ ಗಾಡಿ ಕಲ್ಲಾಗಿಬಿಡುತ್ತೆ. ಒಂದೊಂದು ಗುಂಡಿಗೂ ಇವಳು ತುಟಿ ಕಚ್ಕೊಂಡು ಕಣ್ಣು ಮುಚ್ತಾಳೆ. ಕನ್ನಡೀಲಿ ಅದನ್ನ ನೋಡ್ಕೊಂಡು ಎರಡು ಗಂಟೆ ಹೆಂಗೆ ಕೂತಿರ್ಲಿ? ಗಾಳಿ ಕಮ್ಮಿ ಮಾಡಿದ್ರೆ ಮೆತ್ತಗಾಗುತ್ತೆ ಅಂತ ಯಾರೋ ಹೇಳಿದ್ರು. ಮೆತ್ತಗಾಯ್ತು. ಅಷ್ಟೇ ನನಗೆ ಗೊತ್ತಿರೋದು."

ತೂಕದಣ್ಣ ಎಡಗಡೆಯ ಹಿಂದಿನ ಟೈರನ್ನು ಚಕ್ರದಿಂದ ಬಿಡಿಸಿ, ಒಳಗೆ ಕೈಹಾಕಿ, ಕೈಯನ್ನು ಅಕ್ಕನ ಮುಂದೆ ಬಿಡಿಸಿ ಹಿಡಿದರು. ಅಂಗೈ ತುಂಬ ನುಣ್ಣನೆಯ ಕಪ್ಪು ಪುಡಿ. ಟೈರಿನ ಒಳಮೈಯಲ್ಲಿ ಸುತ್ತಲೂ ಒಂದು ಸುಟ್ಟ ಗೆರೆ ಎದ್ದಿತ್ತು. ಗಾಳಿಯಿಲ್ಲದೆ ಭಾರಕ್ಕೆ ಮಡಿಚಿ ಮಡಿಚಿ, ತನ್ನ ಕಾವಿಗೆ ತಾನೇ ಬೆಂದು ಪುಡಿಯಾದ ರಬ್ಬರು ಅದು. "ಇನ್ನೊಂದು ವಾರ ತಾಯಿ, ಹೆಚ್ಚೆಂದರೆ ಎರಡು. ಓಡ್ತಾ ಓಡ್ತಾನೇ ಸಿಡಿಯೋದು" ಎಂದರು. ಅಕ್ಕ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದಳು. ಮಗಳ ನೋವು ಕಡಿಮೆ ಮಾಡಲು ಹೋದವಳು ಮಗಳನ್ನೇ ಕಳೆದುಕೊಳ್ಳುವಷ್ಟು ಹತ್ತಿರ ಬಂದಿದ್ದಳು, ಓಡಿಸುತ್ತಿದ್ದವನು ನಾನು.

ಇಂಥ ಹೊತ್ತಿನಲ್ಲಿ 'ನಾನು ಹೇಳಿರಲಿಲ್ಲವೇ' ಎನ್ನದವರು ಅಪರೂಪ. ತೂಕದಣ್ಣ ಅದನ್ನು ಅನ್ನಲಿಲ್ಲ. ಹೆಂಡತಿ ತಂದುಕೊಟ್ಟ ನೀರನ್ನು ಅಕ್ಕ ಕುಡಿಯುವವರೆಗೆ ಕಾದು, ಕೈಯಲ್ಲಿದ್ದ ಕಪ್ಪು ಪುಡಿಯನ್ನು ನೋಡುತ್ತಾ, "ತಪ್ಪು ನಿಮ್ಮದಲ್ಲ ತಾಯಿ. ನಾನು ಲಿಫ್ಟು ತೂಗಿದೆ, ಕುರ್ಚಿ ತೂಗಿದೆ, ನಿಮ್ಮನ್ನೆಲ್ಲ ತೂಗಿದೆ. ಮಗು ಎಷ್ಟು ತಡ್ಕೊಳ್ಳುತ್ತೆ ಅಂತ ಕೇಳಲೇ ಇಲ್ಲ" ಎಂದರು. ಆ ಮನುಷ್ಯ ತಾನು ತಪ್ಪಿದೆನೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಹೆಂಡತಿಯೂ ಅದೇ ಮೊದಲು ಕೇಳಿದ್ದಿರಬೇಕು. ಲೋಟ ಹಿಡಿದು ಗಂಡನನ್ನೇ ನೋಡುತ್ತಾ ನಿಂತಿದ್ದರು.

ಆ ಮಂಗಳವಾರ ಆಸ್ಪತ್ರೆಯನ್ನು ತಪ್ಪಿಸಿದೆವು. ಒಂದು ವಾರ ಗಾಡಿ ಅವರ ಅಂಗಡಿಯಲ್ಲೇ ನಿಂತಿತು. ಮೇಲಿನ ಕ್ಯಾರಿಯರು, ಯಾರೂ ಕೂರದ ನಡುವಿನ ಸೀಟು, ಹಿಂದಿನ ಮಾಲೀಕ ಬಿಟ್ಟುಹೋದ ಕಬ್ಬಿಣದ ಪೆಟ್ಟಿಗೆ, ಇವೆಲ್ಲ ಕೆಳಗಿಳಿದವು. ಗುಬ್ಬಿಯ ಕುರ್ಚಿ ಹಿಂದಿನ ಚಕ್ರಗಳ ಅಚ್ಚಿನ ನೆತ್ತಿಯ ಮೇಲೇ ಕೂರುತ್ತಿತ್ತು. ಗುಂಡಿಯ ಪೆಟ್ಟು ನೇರವಾಗಿ ಬೆನ್ನಿಗೆ ಬಡಿಯುವ ಜಾಗ ಅದೇ. ವೆಲ್ಡಿಂಗಿನವನನ್ನು ಕರೆಸಿ, ಕುರ್ಚಿ ಬಿಗಿಯುವ ಕೊಂಡಿಗಳನ್ನು ಮುಂದಕ್ಕೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಟ್ಟನಡುವೆ ತರಿಸಿದರು. ಲಾರಿ ಜಾತಿಯ ಬಿಗಿ ಟೈರುಗಳನ್ನು ತೆಗೆದು, ಅಷ್ಟೇ ಭಾರ ಹೊರುವ, ಆದರೆ ಕಾರಿನ ಜಾತಿಯ ಮೃದು ಪಕ್ಕೆಯ ಟೈರು ಹಾಕಿದರು. ಭಾರ ಇಳಿದು, ಟೈರು ಮೆತ್ತಗಾಗಿ, ಈಗ ಕಡಿಮೆ ಗಾಳಿಯೂ ಸಾಕಾಗುತ್ತಿತ್ತು. ಮತ್ತೆ ವೇಬ್ರಿಡ್ಜು, ಮತ್ತೆ ಲಾರಿಗಳ ಹಾರ್ನು. ಎಡಗಡೆ ಹಿಂದಿನದು ಎಂಟುನೂರು. ತೂಕದಣ್ಣ ಗೋಡೆಯ ಮೇಲೆ ಅಂಟಿಸಿದ್ದ, ಎಷ್ಟು ಭಾರಕ್ಕೆ ಎಷ್ಟು ಗಾಳಿ ಎಂಬ ಕೋಷ್ಟಕದಲ್ಲಿ ಬೆರಳಾಡಿಸಿ, ದಾರಿಯ ದೂರಕ್ಕೆ, ವೇಗಕ್ಕೆ, ಬಿಸಿಲಿಗೆ ಎಂದು ಇಷ್ಟಿಷ್ಟು ಕೂಡಿಸಿ, "ಮೂವತ್ನಾಲ್ಕು. ಅದರ ಕೆಳಗೆ ನೀವು ಅತ್ತರೂ ಇಲ್ಲ, ಆಣೆ ಇಟ್ಟರೂ ಇಲ್ಲ" ಎಂದು ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದರು. ಆಮೇಲೆ ಗುಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಮೂವತ್ನಾಲ್ಕರ ಮೇಲೆ ಎಷ್ಟು ಬೇಕೋ ನೀನು ಹೇಳಮ್ಮ. ಒಂದರಿಂದ ಹತ್ತರೊಳಗೆ, ನೋವು ಎಷ್ಟು ಅಂತ. ಒಂದು ಅಂದ್ರೆ ಸೊಳ್ಳೆ ಕಚ್ಚಿದ ಹಾಗೆ. ಹತ್ತು ಅಂದ್ರೆ…"

"ಹತ್ತು ಅಂದ್ರೆ ಮೂಳೆ ಮುರಿದಾಗ. ನನಗೆ ಗೊತ್ತು, ಏಳು ಸಲ ಆಗಿದೆ" ಎಂದಳು ಗುಬ್ಬಿ.

ಅಂಗಡಿಯ ಹಿಂದಿನ ಓಣಿಯಲ್ಲಿ ಮೂರು ಉಬ್ಬು, ಒಂದು ದೊಡ್ಡ ಗುಂಡಿ ಇವೆ. ಅಂದು ಬೆಳಿಗ್ಗೆ ಆ ಓಣಿಯಲ್ಲಿ ನಾನು ಗಾಡಿಯನ್ನು ಎಷ್ಟು ಸಲ ಓಡಿಸಿದೆನೋ! ಪ್ರತಿ ಸುತ್ತಿಗೂ ತೂಕದಣ್ಣ ಇಳಿದು ಗಾಳಿ ಬದಲಿಸುತ್ತಿದ್ದರು. ಎಷ್ಟು ಹಾಕಿದರೆಂದು ಯಾರಿಗೂ ಹೇಳುತ್ತಿರಲಿಲ್ಲ, ಟೈರಿನ ಮೇಲೂ ಬರೆಯುತ್ತಿರಲಿಲ್ಲ. ಹತ್ತಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಉಬ್ಬು ದಾಟಿದ ಕೂಡಲೇ "ಎಷ್ಟು?" ಎನ್ನುವರು. ಗುಬ್ಬಿ ಕಣ್ಣು ಮುಚ್ಚಿ, ಪರೀಕ್ಷೆಯಲ್ಲಿ ಉತ್ತರ ಬರೆಯುವವಳ ಗಾಂಭೀರ್ಯದಿಂದ ಯೋಚಿಸಿ ಒಂದು ಅಂಕಿ ಹೇಳುವಳು. ಆರು. ಐದು. ಮೂರು. ಮತ್ತೆ ಮೂರು. "ಇನ್ನೊಂದ್ಸಲ" ಎಂದು, ಹಾಕಿದ್ದನ್ನು ತೆಗೆದು, ತೆಗೆದದ್ದನ್ನು ಹಾಕಿ, ಕ್ರಮ ಹಿಂದುಮುಂದು ಮಾಡಿ, ಅವಳನ್ನು ಮೋಸಗೊಳಿಸಲು ನೋಡಿದರು. ಅವಳು ಸಿಗಲಿಲ್ಲ. ಮೂರು ಎಂದದ್ದಕ್ಕೆ ಮೂರೇ ಎಂದಳು, ಆರು ಎಂದದ್ದಕ್ಕೆ ಆರೇ ಎಂದಳು. ಅಕ್ಕ ಓಣಿಯ ತುದಿಯಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು.

ಕೊನೆಗೆ ಎಲ್ಲರೂ ಕೆಳಗಿಳಿದ ಮೇಲೆ ತೂಕದಣ್ಣ ತೀರ್ಪು ಹೇಳಿದರು: "ನಲವತ್ತಕ್ಕೆ ಆರು, ಮೂವತ್ತೆಂಟಕ್ಕೆ ಐದು. ಮೂವತ್ತಾರಕ್ಕೂ ಮೂರು, ಮೂವತ್ನಾಲ್ಕಕ್ಕೂ ಮೂರು."

"ಮೂವತ್ನಾಲ್ಕೇ ಇರಲಿ ಬಿಡಿ" ಎಂದು ಅಕ್ಕ ಮುಂದೆ ಬಂದಳು. ತಾಯಿಯ ಜೀವ, ಕಡಿಮೆ ಎಂದರೆ ಸಾಕು ಅವಳಿಗೆ.

"ಬೇಡಮ್ಮ" ಎಂದಳು ಗುಬ್ಬಿ. "ನನಗೆ ಎರಡೂ ಒಂದೇ. ಹಂಗಿದ್ದ ಮೇಲೆ ಜಾಸ್ತಿ ಇರೋದೇ ಇರಲಿ, ಟೈರಿಗೆ ಭದ್ರ. ಮುಂದುಗಡೆ ನೀನೂ ಮಾಮಾನೂ ಕೂತಿರ್ತೀರಲ್ಲ."

"ಮೂರು ಅಂದ್ರೆ ಮೂರೇನಾ? ನನಗೋಸ್ಕರ ಸುಳ್ಳು ಹೇಳ್ತಿಲ್ಲ ತಾನೇ?" ಎಂದಳು ಅಕ್ಕ.

ಟೈರಿನ ಪಕ್ಕ ಕೂತು ಗಾಳಿ ಹಿಡಿಯುತ್ತಿದ್ದ ತೂಕದಣ್ಣನ ಕಡೆ ನೋಡುತ್ತಾ ಗುಬ್ಬಿ ಹೇಳಿದಳು: "ಎಲ್ಲರೂ ನೋವಾಗ್ತಿದೆಯಾ ಅಂತ ಕೇಳ್ತಾರೆ ಅಂಕಲ್. ಹೌದು ಅಂದ್ರೆ ಅಳ್ತಾರೆ. ಇಲ್ಲ ಅಂದ್ರೆ ನಂಬಲ್ಲ. ಎಷ್ಟು ಅಂತ ಇವತ್ತಿನ ತನಕ ನನ್ನ ಮನೇಲಿ ಯಾರೂ ಕೇಳಿರ್ಲಿಲ್ಲ."

ತೂಕದಣ್ಣ ಗೇಜನ್ನು ಎರಡೆರಡು ಸಲ ಇಟ್ಟು ನೋಡಿ, ನಾಲ್ಕು ಟೈರಿಗೂ ೩೬ ಎಂದು ಬರೆದು, ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದರು.

ನಮ್ಮ ಮನೆಯಲ್ಲಿ ಮರುಕಕ್ಕೆ ಕೊರತೆಯಿರಲಿಲ್ಲ. ಹದಿನೇಳು ವರ್ಷ ಅವಳ ಮುಖ ನೋಡಿ ನೋವನ್ನು ನಾವೇ ಊಹಿಸಿದೆವು, ನಮ್ಮ ಊಹೆಗೆ ನಾವೇ ಅತ್ತೆವು, ಆ ಅಳುವನ್ನು ತಡೆಯಲು ಅವಳು ತುಟಿ ಕಚ್ಚುವುದನ್ನು ಕಲಿತಳು. ಅದನ್ನು ಕಂಡು ಇನ್ನಷ್ಟು ಅತ್ತೆವು. ತೂಕದಣ್ಣನಂಥವರಿಗೆ ಮರುಗಲು ಬರುವುದಿಲ್ಲ. ಸಾಂತ್ವನದ ಮಾತು ಅವರ ನಾಲಿಗೆಯ ತುದಿಗೂ ಏರುವುದಿಲ್ಲ. ನಾವು ಅವರನ್ನು ಕೊಸರುವವರು, ಪೀಡೆಗಳು, ಎಲ್ಲದಕ್ಕೂ ಲೆಕ್ಕ ಕೇಳುವವರು ಎಂದು ಆಡಿಕೊಳ್ಳುತ್ತೇವೆ. ಆದರೆ ಭಾರ ಹೊತ್ತವನನ್ನೇ ನಿನ್ನ ಭಾರವೆಷ್ಟು ಎಂದು ಕೇಳಿ, ಅವನು ಹೇಳಿದ್ದನ್ನು ಹೇಳಿದಷ್ಟೇ ನಂಬಿ, ಅಷ್ಟಕ್ಕೆ ಏನು ಬೇಕೋ ಅದನ್ನು ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲದೆ ಮಾಡಿಕೊಟ್ಟು ಪಕ್ಕಕ್ಕೆ ಸರಿಯುವುದು ಇಂಥವರಿಂದಲೇ ಆಗುವ ಕೆಲಸ. ಅದಕ್ಕೆ ನಾವು ಪ್ರೀತಿಯೆಂಬ ಹೆಸರು ಕೊಡುವುದಿಲ್ಲ, ಅವರೂ ಕೇಳುವುದಿಲ್ಲ.

ಹೋದ ಮಂಗಳವಾರ ಗಾಡಿ ಊರು ದಾಟಿ ದೊಡ್ಡ ರಸ್ತೆಗೆ ಇಳಿದಾಗ ಅಕ್ಕ ಮುಂದಿನ ಕನ್ನಡಿಯಲ್ಲಿ ನೋಡಲಿಲ್ಲ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಮಗಳ ಕಣ್ಣನ್ನೇ ನೋಡಿ, "ಇವತ್ತು ಎಷ್ಟೇ?" ಎಂದಳು.

"ಎರಡು" ಎಂದಳು ಗುಬ್ಬಿ.

ಅಕ್ಕ ನಂಬಿದಳು.